ಹಗೇವಿನ ದೀಪ, ರೆಸಾರ್ಟಿನ ಕೋಣೆ

ಗಾಂಧಿ ಚೌಕದಲ್ಲಿ ಶುಕ್ರವಾರ ರಾತ್ರಿ ಹತ್ತರ ಮೇಲೆ ಅರ್ಧ ತಾಸು ನಿಂತರೆ ವಿಜಯಪುರದ ಮಂದಿ ಎಲ್ಲೆಲ್ಲಿಗೆ ಹೊರಟಿದ್ದಾರೆ ಅನ್ನುವುದು ತಿಳಿಯುತ್ತದೆ. ತಿಕೋಟಾ, ಬಬಲೇಶ್ವರ ಕಡೆಯ ಹುಡುಗರು ಕ್ರೂಸರ್ ತುಂಬಿಕೊಂಡು ಗೋವಾಕ್ಕೆ. ಹೊಸದಾಗಿ ಲಗ್ನವಾದವರು ದಾಂಡೇಲಿಗೋ ಕೊಡಗಿಗೋ. ಒಣದ್ರಾಕ್ಷಿಗೆ ಆ ವರ್ಷ ದರ ಬಂದಿದ್ದರೆ ಥಾಯ್ಲೆಂಡ್ ಪ್ಯಾಕೇಜ್ ವಿಚಾರಿಸುವವರೂ ಇದ್ದಾರೆ. ಚಹಾ ಕುಡಿಯುತ್ತ ನಿಂತಿದ್ದ ಡ್ರೈವರ್ ಒಬ್ಬರನ್ನು ಮಾತಿಗೆಳೆದೆ. ಹದಿನೈದು ವರ್ಷದಿಂದ ಇದೇ ದಂಧೆಯಂತೆ.

‘ಸರ, ಬುಕ್ ಮಾಡೂ ಮುಂದ ಮಂದಿ ಕೇಳೂದು ಎರಡ ಮಾತು. ರೂಮಿಗೆ ಎಸಿ ಐತೇನು, ಸ್ವಿಮ್ಮಿಂಗ್ ಪೂಲ್ ಐತೇನು. ಮೂರನೇ ಮಾತು ಇನ್ನೂತನ ಯಾರೂ ಕೇಳಿಲ್ಲ ನೋಡ್ರಿ.’

ಮೂರನೇ ಮಾತು ಕೇಳದೆ ಹೋದವರಲ್ಲಿ ಕೆಲವರು ವಾಪಸು ಬಂದಿಲ್ಲ.

2024ರ ನವೆಂಬರ್ 16, ಶನಿವಾರ. ಮೈಸೂರಿನ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿನಿಯರು ಮಂಗಳೂರಿನ ಹತ್ತಿರ, ಸೋಮೇಶ್ವರ–ಉಚ್ಚಿಲದ ಕಡಲ ದಂಡೆಯ ಖಾಸಗಿ ರೆಸಾರ್ಟ್ ಒಂದರಲ್ಲಿ ಉಳಿದರು. ಮಾರನೆಯ ಬೆಳಗ್ಗೆ ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿಟ್ಟು ಈಜುಕೊಳಕ್ಕೆ ಇಳಿದರು. ಕೊಳದ ಒಂದು ಬದಿ ಆರು ಅಡಿ ಆಳ. ಒಬ್ಬಳು ಆ ಕಡೆ ಜಾರಿದಳು, ಹಿಡಿಯಲು ಹೋದ ಇನ್ನೊಬ್ಬಳೂ ಮುಳುಗಿದಳು, ಆಮೇಲೆ ಮೂರನೆಯವಳು. ಮೂವರಿಗೂ ಇಪ್ಪತ್ತು–ಇಪ್ಪತ್ತೊಂದರ ವಯಸ್ಸು. ಅಲ್ಲಿ ಜೀವರಕ್ಷಕ ಇರಲಿಲ್ಲ, ಆಳ ಎಷ್ಟೆಂದು ಬರೆದಿರಲೂ ಇಲ್ಲ. ಮಾಲೀಕ ಮತ್ತು ಮ್ಯಾನೇಜರನ್ನು ಪೊಲೀಸರು ಬಂಧಿಸಿದರು, ರೆಸಾರ್ಟಿನ ಪರವಾನಗಿ ಅಮಾನತಾಯಿತು. ತಿಂಗಳೂ ತುಂಬಿರಲಿಲ್ಲ, ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹುಡುಗಿಯರು ಹೋದರು. ಪ್ರವಾಸಕ್ಕೆಂದು ಬಂದ ಮಕ್ಕಳು.

ಇಲ್ಲಿ ಒಂದು ಸಮಾಧಾನವೆಂದರೆ (ಸಮಾಧಾನ ಎನ್ನಲು ನಾಲಿಗೆ ಏಳುವುದಿಲ್ಲ) ಸಾವು ಹೇಗಾಯಿತು ಎಂಬುದಾದರೂ ಕಣ್ಣಿಗೆ ಕಂಡಿದೆ, ಕ್ಯಾಮೆರಾಗೆ ಸಿಕ್ಕಿದೆ. ಕಾಣದ ಸಾವುಗಳದ್ದು ಬೇರೆ ಕಥೆ. ರಾತ್ರಿ ಉಂಡು ನಗುತ್ತ ಮಲಗಿದವರು ಬೆಳಗ್ಗೆ ಬಾಗಿಲು ತೆರೆಯುವುದಿಲ್ಲ. ‘ಅನುಮಾನಾಸ್ಪದ ಸಾವು’ ಎಂದು ಪತ್ರಿಕೆ ಬರೆಯುತ್ತದೆ. ಠಾಣೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ಪ್ರಕರಣ ದಾಖಲಾಗುತ್ತದೆ. ಊರಲ್ಲಿ ಕಥೆಗಳು ಹುಟ್ಟುತ್ತವೆ. ಯಾರೋ ವಿಷ ಹಾಕಿದರು, ಏನೋ ಜಗಳವಿತ್ತು, ಹೋಗಬಾರದ ಜಾಗಕ್ಕೆ ಹೋಗಿದ್ದರು.

ಅನುಮಾನ ತಪ್ಪಲ್ಲ. 2008ರ ಫೆಬ್ರುವರಿಯಲ್ಲಿ ಗೋವಾದ ಅಂಜುನಾ ದಂಡೆಯಲ್ಲಿ ಹದಿನೈದು ವರ್ಷದ ಬ್ರಿಟಿಷ್ ಹುಡುಗಿಯೊಬ್ಬಳ ಶವ ಸಿಕ್ಕಿದಾಗ ಪೊಲೀಸರು ಮೊದಲು ಹೇಳಿದ್ದು, ನೀರಲ್ಲಿ ಮುಳುಗಿ ಸತ್ತಿದ್ದಾಳೆ ಎಂದು. ತಾಯಿ ನಂಬಲಿಲ್ಲ, ಹಟ ಹಿಡಿದಳು. ಎರಡನೇ ಮರಣೋತ್ತರ ಪರೀಕ್ಷೆಯಲ್ಲಿ ಮೈತುಂಬ ಗಾಯದ ಗುರುತು ಸಿಕ್ಕವು. 2016ರಲ್ಲಿ ಕೆಳ ನ್ಯಾಯಾಲಯ ಇಬ್ಬರೂ ಆರೋಪಿಗಳನ್ನು ಬಿಟ್ಟಿತು; 2019ರಲ್ಲಿ ಬಾಂಬೆ ಹೈಕೋರ್ಟ್ ಒಬ್ಬನಿಗೆ ಹತ್ತು ವರ್ಷ ಶಿಕ್ಷೆ ಕೊಟ್ಟಿತು. ತಾಯಿ ಮೊದಲ ವರದಿಗೇ ಸಹಿ ಹಾಕಿ ಮಗಳನ್ನು ಕರೆದೊಯ್ದಿದ್ದರೆ ಅದು ಇಂದಿಗೂ ‘ಮುಳುಗಿ ಸಾವು’ ಆಗಿಯೇ ಉಳಿಯುತ್ತಿತ್ತು.

ಆದರೆ ನಮ್ಮ ಅನುಮಾನ ಯಾವಾಗಲೂ ಮನುಷ್ಯನ ಮೇಲೆಯೇ ಹೋಗುತ್ತದೆ. ಕೋಣೆಯ ಮೇಲೆ ಹೋಗುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

2018ರ ಆಗಸ್ಟ್‌ನಲ್ಲಿ ಈಜಿಪ್ಟಿನ ಕೆಂಪು ಸಮುದ್ರದ ದಂಡೆಯ ಹುರ್ಘಾದಾದಲ್ಲಿ ಬ್ರಿಟನ್ನಿನ ಗಂಡ–ಹೆಂಡತಿ ಒಂದೇ ದಿನ, ತಾಸುಗಳ ಅಂತರದಲ್ಲಿ ಸತ್ತರು. ಹೊಟ್ಟೆಗೆ ಸೇರಿದ ಬ್ಯಾಕ್ಟೀರಿಯಾ ಕಾರಣ ಎಂದು ಅಲ್ಲಿನ ಅಧಿಕಾರಿಗಳು ಹೇಳಿದರು. ನಿಜ ಹೊರಬಿದ್ದದ್ದು ಐದು ವರ್ಷದ ಮೇಲೆ, 2023ರ ನವೆಂಬರ್‌ನಲ್ಲಿ, ಬ್ರಿಟನ್ನಿನ ಕರೋನರ್ ವಿಚಾರಣೆಯಲ್ಲಿ. ಪಕ್ಕದ ಕೋಣೆಗೆ ತಿಗಣೆ ಔಷಧ ಹೊಡೆದಿದ್ದರು. ಎರಡೂ ಕೋಣೆಗಳ ನಡುವೆ ಒಂದು ಬಾಗಿಲು. ಅದರ ಸಂದಿಗೆ ಟೇಪ್ ಹಚ್ಚಿ ಕೈತೊಳೆದುಕೊಂಡಿದ್ದರು. ಔಷಧ ತೆಳುಮಾಡಲು ಬಳಸಿದ್ದ ಡೈಕ್ಲೋರೋಮೀಥೇನ್ ಉಸಿರಿನೊಂದಿಗೆ ಒಳಸೇರಿದರೆ ಮೈಯೊಳಗೇ ಕಾರ್ಬನ್ ಮೊನಾಕ್ಸೈಡ್ ಆಗಿ ಬದಲಾಗುತ್ತದೆ. ಮಲಗಿದವರಿಗೆ ತಿಳಿಯಲೇ ಇಲ್ಲ.

2025ರ ನವೆಂಬರ್‌ನಲ್ಲಿ ಇಸ್ತಾಂಬುಲ್‌ಗೆ ಹೋಗಿದ್ದ ಜರ್ಮನಿಯ ಕುಟುಂಬವೊಂದರಲ್ಲಿ ಅಪ್ಪ, ಅವ್ವ, ಇಬ್ಬರು ಮಕ್ಕಳು ಒಬ್ಬರ ಹಿಂದೆ ಒಬ್ಬರು ಹೋದರು. ಮೊದಲು ಅನುಮಾನಕ್ಕೆ ಸಿಕ್ಕಿಬಿದ್ದವರು ಬೀದಿಯಲ್ಲಿ ತಿಂಡಿ ಮಾರುವವರು. ಆಮೇಲೆ ನೋಡಿದರೆ, ಹೋಟೆಲಿನ ಕೆಳಗಿನ ಕೋಣೆಯೊಂದಕ್ಕೆ ತಿಗಣೆ ಔಷಧ ಇಟ್ಟಿದ್ದರು. ಬಚ್ಚಲಿನ ಗಾಳಿಕಿಂಡಿಯಿಂದ ಫಾಸ್ಫೀನ್ ಅನಿಲ ಮೇಲೆ ಬಂದಿರಬೇಕು ಎಂಬ ಕಡೆಗೆ ತನಿಖೆ ತಿರುಗಿತು. ಅಲ್ಯುಮಿನಿಯಂ ಫಾಸ್ಫೈಡ್ ಗಾಳಿಯ ತೇವ ಸೋಕಿದರೆ ಬಿಡುವ ಅನಿಲ ಇದು. ಹೆಸರು ದೂರದ್ದು ಅನಿಸಬಹುದು. ನಮ್ಮ ಕಡೆ ಜೋಳ, ಗೋದಿ ಚೀಲಕ್ಕೆ ಹುಳ ಬೀಳಬಾರದೆಂದು ಇಡುವ ಗುಳಿಗೆ ಇದೇ. ಆ ಗುಳಿಗೆ ಇಟ್ಟ ಕೋಣೆಯಲ್ಲಿ ಹಾಸಿಗೆ ಹಾಸಬಾರದು ಎಂದು ಬಬಲೇಶ್ವರದ ಯಾವ ಒಕ್ಕಲಿಗನಿಗೂ ಹೇಳಿಕೊಡಬೇಕಿಲ್ಲ. ತಿಕೋಟಾದಲ್ಲಿ ಬಳ್ಳಿಯ ಚಾಟ್ನಿ (ಸವರುವಿಕೆ) ಮುಗಿದು ಔಷಧ ಹೊಡೆಯುವ ದಿನಗಳಲ್ಲಿ ದ್ರಾಕ್ಷಿ ಪಡದೊಳಗೆ ಮಕ್ಕಳನ್ನು ಬಿಡುವುದಿಲ್ಲ. ಅದೇ ಮನುಷ್ಯ ರೆಸಾರ್ಟಿಗೆ ಹೋಗಿ ಕೋಣೆಯಲ್ಲಿ ಔಷಧದ ವಾಸನೆ ಬಂದರೆ ‘ಸ್ವಚ್ಛ ಇಟ್ಟಾರ’ ಎಂದು ಮೆಚ್ಚಿಕೊಳ್ಳುತ್ತಾನೆ!

ಹಗೇವು ನೋಡಿದವರು ಈಗ ಕಡಿಮೆ. ನೆಲದೊಳಗೆ ತೋಡಿದ ಜೋಳದ ಕಣಜ. ತಿಂಗಳುಗಟ್ಟಲೆ ಮುಚ್ಚಿದ್ದರೆ ಕಾಳು ಒಳಗಿನ ಗಾಳಿಯನ್ನೆಲ್ಲ ತಿಂದು ಕೆಟ್ಟ ಗಾಳಿ ತುಂಬಿಕೊಳ್ಳುತ್ತದೆ. ಬಾಯಿ ತೆರೆದ ಕೂಡಲೇ ಹಿರಿಯರು ಯಾರನ್ನೂ ಇಳಿಸುತ್ತಿರಲಿಲ್ಲ. ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿತೋ, ಅವತ್ತು ಕಾಳು ತೆಗೆಯುವ ಮಾತಿಲ್ಲ. ಓದುಬರಹ ಬಾರದವರ ಸುರಕ್ಷತಾ ನಿಯಮ ಅದು.

ರೆಸಾರ್ಟಿನ ಕೋಣೆಯಲ್ಲಿ ಕೊಲ್ಲುವ ಕಾರ್ಬನ್ ಮೊನಾಕ್ಸೈಡ್‌ಗೆ ಆ ದೀಪವೂ ಆರುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಂತಿ, ಜೋಂಪು. ಪ್ರಯಾಣದ ದಣಿವು ಅಂದುಕೊಂಡು ಮಲಗುತ್ತಾರೆ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಗುಡ್ಡದ ರೆಸಾರ್ಟಿನಲ್ಲಿ ಕೇರಳದ ಎಂಟು ಮಂದಿ ಹೀಗೆ ಹೋದರು. ಹದಿನೈದು ಜನರ ಗುಂಪು. ಚಳಿ ಎಂದು ಎಂಟು ಜನ ಒಂದೇ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ, ಬಾಗಿಲು ಕಿಟಕಿ ಭದ್ರ ಮಾಡಿಕೊಂಡು ಮಲಗಿದ್ದರು. ಅವರಲ್ಲಿ ನಾಲ್ವರು ಮಕ್ಕಳು. ಚಳಿಯೇ ಇಲ್ಲದ ಬಹಾಮಾಸ್ ದ್ವೀಪದ ಐಷಾರಾಮಿ ರೆಸಾರ್ಟಿನಲ್ಲೂ 2022ರ ಮೇ ತಿಂಗಳಲ್ಲಿ ಮೂವರು ಅಮೆರಿಕನ್ನರನ್ನು ಕೊಂದದ್ದು ಇದೇ ಅನಿಲ. ಬಾಡಿಗೆ ಹೆಚ್ಚಾದರೆ ಗಾಳಿ ಚೆನ್ನಾಗಿರುತ್ತದೆ ಅನ್ನುವಂತಿಲ್ಲ. ನಮ್ಮ ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳಲ್ಲಿ ಇಕ್ಕಟ್ಟಾದ ಬಚ್ಚಲಿನೊಳಗೇ ಗ್ಯಾಸ್ ಗೀಸರ್ ತೂಗುಹಾಕಿ, ಕಿಟಕಿಗೆ ಗಾಜು ಜಡಿದಿರುವುದನ್ನು ನಾನೇ ಕಂಡಿದ್ದೇನೆ. ಗಾಳಿಯಿಲ್ಲದಲ್ಲಿ ಅರೆಬರೆ ಉರಿಯುವ ಗ್ಯಾಸ್ ಕೊಡುವುದು ಬಿಸಿನೀರನ್ನಷ್ಟೇ ಅಲ್ಲ.

ಕೋಣೆಯ ಗಾಳಿಯಂತೆ ಗ್ಲಾಸಿನಲ್ಲಿರುವುದೂ ಕೊಲ್ಲಬಹುದು. ಕಳ್ಳಭಟ್ಟಿಯ ಕಥೆ ಕನ್ನಡಿಗರಿಗೆ ಹೊಸದಲ್ಲ, 1981ರ ಬೆಂಗಳೂರು ದುರಂತದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಹೋದರು. 2024ರ ನವೆಂಬರ್‌ನಲ್ಲಿ ಲಾವೋಸ್‌ನ ವಾಂಗ್ ವಿಯೆಂಗ್‌ನಲ್ಲಿ ಆರು ವಿದೇಶಿ ಪ್ರವಾಸಿಗರು ಸತ್ತದ್ದಕ್ಕೂ ಮಿಥೆನಾಲ್ ಬೆರೆತ ಮದ್ಯವೇ ಕಾರಣ. ಕುಡಿದ ಮಾರನೆಯ ದಿನ ಕಣ್ಣು ಮಂಜಾದರೆ ಅದು ಹ್ಯಾಂಗೋವರ್ ಅಲ್ಲ, ತಕ್ಷಣ ಆಸ್ಪತ್ರೆ ಸೇರಬೇಕು. ಬೇಗ ಸೇರಿದರೆ ಮದ್ದು ಇದೆ.

ಅನುಮಾನ ಅತಿಯಾಗುವುದೂ ಉಂಟು, ಅದನ್ನೂ ಹೇಳಿಬಿಡಬೇಕು. 2019ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ರೆಸಾರ್ಟುಗಳಲ್ಲಿ ಅಮೆರಿಕದ ಪ್ರವಾಸಿಗರು ಸಾಲುಸಾಲಾಗಿ ಸಾಯುತ್ತಿದ್ದಾರೆಂದು ಟಿವಿಗಳು ತಿಂಗಳುಗಟ್ಟಲೆ ಕೂಗಿದವು. ಕೋಣೆಯ ಮಿನಿಬಾರಿನ ಬಾಟಲಿಯಲ್ಲಿ ವಿಷ ಎಂಬ ಸುದ್ದಿ ಹಬ್ಬಿತು, ಜನ ಟಿಕೆಟ್ ರದ್ದು ಮಾಡಿದರು. ಕಡೆಗೆ ಎಫ್‌ಬಿಐ ನಡೆಸಿದ ರಾಸಾಯನಿಕ ಪರೀಕ್ಷೆಗಳಲ್ಲಿ, ಎಲ್ಲರ ಬಾಯಲ್ಲಿದ್ದ ಮೂರು ಸಾವುಗಳೂ ಸಹಜ ಕಾರಣದವು ಎಂದು ಬಂತು. ವರ್ಷಕ್ಕೆ ಇಪ್ಪತ್ತೇಳು ಲಕ್ಷ ಅಮೆರಿಕನ್ನರು ಹೋಗಿಬರುವ ದೇಶದಲ್ಲಿ ಕೆಲವರಿಗೆ ಹೃದಯಾಘಾತವಾಗುವುದು ಲೆಕ್ಕದ ಮಾತು. ಹುರ್ಘಾದಾದ ಸತ್ಯ ಹೊರಬಿದ್ದದ್ದೂ ಪರೀಕ್ಷೆಯಿಂದ, ಇಲ್ಲಿನ ಸುಳ್ಳು ಕಳಚಿದ್ದೂ ಪರೀಕ್ಷೆಯಿಂದ.

ಆ ಪರೀಕ್ಷೆಯನ್ನೇ ನಾವು ತಪ್ಪಿಸಿಕೊಳ್ಳುತ್ತೇವೆ. ಪರಊರಲ್ಲಿ ಸಾವಾದರೆ ಮನೆಯವರಿಗೆ ಇರುವುದು ಒಂದೇ ಆತುರ, ಹೆಣ ಊರಿಗೆ ತರಬೇಕು. ಕತ್ತಲಾಗುವುದರೊಳಗೆ ಮಣ್ಣು ಮಾಡಬೇಕು, ಬೀಗರು ಕಾದಿದ್ದಾರೆ. ರೆಸಾರ್ಟಿನವರಿಗೂ ಅದೇ ಬೇಕು. ‘ಹಾರ್ಟ್ ಅಟ್ಯಾಕ್ ಆಗೈತಿ ಬಿಡ್ರಿ’ ಎಂದು ಆಂಬುಲೆನ್ಸ್ ಖರ್ಚನ್ನೂ ಕೊಟ್ಟು ಕೈಮುಗಿಯುತ್ತಾರೆ. ದುಃಖದಲ್ಲಿದ್ದವರ ಮೇಲೆ ತಪ್ಪು ಹೊರಿಸುವ ಮನಸ್ಸು ನನಗಿಲ್ಲ. ಆದರೆ ಆ ಒಂದು ದಿನ ಮತ್ತೆ ಬರುವುದಿಲ್ಲ. ಕೋಣೆ ತೊಳೆಯುತ್ತಾರೆ, ಗೀಸರ್ ಬದಲಾಗುತ್ತದೆ, ಸಿಸಿಟಿವಿಯ ಹಳೆಯ ದೃಶ್ಯ ಅಳಿಯುತ್ತದೆ. ವಿದೇಶದಿಂದ ಬರುವ ಶವಕ್ಕಂತೂ ಕೆಡದಂತೆ ಔಷಧ ತುಂಬುತ್ತಾರೆ. ಆ ದ್ರಾವಣದಲ್ಲೇ ಮಿಥೆನಾಲ್ ಇರುವುದರಿಂದ ಆಮೇಲೆ ಮಿಥೆನಾಲ್ ಹುಡುಕಿ ಪ್ರಯೋಜನವಿಲ್ಲ. ಮಣ್ಣು ಮಾಡಿದ್ದರೆ ಮ್ಯಾಜಿಸ್ಟ್ರೇಟರ ಆದೇಶದಿಂದ ಹೊರತೆಗೆಸುವ ದಾರಿಯಾದರೂ ಇದೆ, ಬೆಂಕಿ ಕೊಟ್ಟವರಿಗೆ ಅದೂ ಇಲ್ಲ.

ಕಾನೂನು ಕೈಬಿಟ್ಟಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನ ಪ್ರಕಾರ ಅನುಮಾನಾಸ್ಪದ ಸಾವಿನಲ್ಲಿ ಪೊಲೀಸರು ಸ್ಥಳಕ್ಕೆ ಬಂದು, ಊರವರ ಎದುರು ಪಂಚನಾಮೆ ಮಾಡಿ, 24 ಗಂಟೆಯೊಳಗೆ ವರದಿ ಕಳಿಸಬೇಕು. ಸಾವಿಗೆ ನಿರ್ಲಕ್ಷ್ಯ ಕಾರಣವಾಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಇದೆ, ಐದು ವರ್ಷದವರೆಗೆ ಶಿಕ್ಷೆ. ದೇಶದ ಯಾವ ಮೂಲೆಯಲ್ಲಿ ಘಟನೆ ನಡೆದಿದ್ದರೂ ನಮ್ಮ ಗಾಂಧಿ ಚೌಕ ಠಾಣೆಯಲ್ಲೇ ಝೀರೋ ಎಫ್‌ಐಆರ್ ಮಾಡಿಸಬಹುದು; ‘ಅದು ನಮ್ಮ ಹದ್ದಿಗೆ ಬರೂದಿಲ್ರಿ’ ಎಂದು ಯಾರೂ ಹೊರಳಿಸಿ ಕಳಿಸುವಂತಿಲ್ಲ. ಹೊರದೇಶದಲ್ಲಾದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿ, ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ ಇವೆ. ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರಿಗೆ ಕೋಣೆಯಲ್ಲಿ ಗೀಸರ್ ಇತ್ತು, ಹೀಟರ್ ಇತ್ತು, ಔಷಧದ ವಾಸನೆ ಇತ್ತು ಎಂದು ಬಾಯಿಬಿಟ್ಟು ಹೇಳಿ. ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ನೋಡಿಸಿ, ಒಳಾಂಗಗಳ ಮಾದರಿ ಎತ್ತಿಟ್ಟು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿ ಎಂದು ಕೇಳಿ. ಕೇಳದಿದ್ದರೆ ಎಷ್ಟೋ ಸಲ ಅದು ಯಾರ ನೆನಪಿಗೂ ಬರುವುದಿಲ್ಲ.

ಅಷ್ಟು ದೂರ ಹೋಗುವ ಪ್ರಸಂಗ ಯಾರಿಗೂ ಬರದಿರಲಿ. ಈ ಶುಕ್ರವಾರ ಗಾಂಧಿ ಚೌಕದಿಂದ ಗಾಡಿ ಹತ್ತುವವರು ಫೋನ್ ಮಾಡಿ ಎಸಿ, ಪೂಲ್ ವಿಚಾರಿಸುವಾಗ ಗೀಸರ್ ಗ್ಯಾಸಿನದೋ ಕರೆಂಟಿನದೋ, ಬಚ್ಚಲಿನ ಒಳಗಿದೆಯೋ ಹೊರಗೋ, ಈಜುಕೊಳದ ಹತ್ತಿರ ಕಾಯುವವರು ಇದ್ದಾರೋ ಎಂದೂ ಕೇಳಿ. ಕೋಣೆ ಹೊಕ್ಕ ಮೇಲೆ ಬ್ಯಾಗು ಇಳಿಸುವ ಮೊದಲು ಬಚ್ಚಲಿನ ಕಿಟಕಿ ತೆರೆದು ನೋಡಿ. ಅದು ತೆರೆಯದಿದ್ದರೆ ಬೇರೆ ಕೋಣೆ ಕೇಳಿ.