ನಿಮಗಿದು ಗೊತ್ತೇ? ತೊಟ್ಟಿಲು, ಜಮಖಾನೆ, ಸೌಂಡ್‌ಬಾಕ್ಸ್

ಯಶ್–ರಾಧಿಕಾ ಪಂಡಿತ್ ದಂಪತಿಯ ಮೊದಲ ಮಗುವಿಗೆ ಉಡುಗೊರೆಯಾಗಿ ಬಂದದ್ದು ಕಲಘಟಗಿ ತೊಟ್ಟಿಲು. ಮಾಡಿಸಿದವರು ನಟ ಅಂಬರೀಶ್. ಕೂಸು ಹುಟ್ಟುವ ಮೊದಲೇ, 2018ರ ನವೆಂಬರ್ 24ರಂದು ಅವರು ತೀರಿಕೊಂಡರು. ತೊಟ್ಟಿಲು ಸಿದ್ಧವಾಗಿದೆ ಎಂಬ ಸುದ್ದಿ ಬಂದಾಗಲೇ ಪತ್ನಿ ಸುಮಲತಾ ಅವರಿಗೂ ವಿಷಯ ತಿಳಿದದ್ದು.

ಸಿನಿಮಾ ಮಂದಿಗೆ ಇದು ಹೊಸ ಖಯಾಲಿ ಇರಬಹುದು. ಧಾರವಾಡ ಸೀಮೆಯಲ್ಲಿ ಚೊಚ್ಚಲ ಬಾಣಂತನಕ್ಕೆ ತವರಿನಿಂದ ತೊಟ್ಟಿಲು ಬರುವುದು ಹಳೆಯ ರೂಢಿ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ಬಾಲಕೃಷ್ಣನ ಲೀಲೆ, ರಾಮಾಯಣದ ಚಿತ್ರಗಳು. ಅಜ್ಜ ಮಲಗಿದ ತೊಟ್ಟಿಲಲ್ಲೇ ಮೊಮ್ಮಗನೂ ಮಲಗುತ್ತಾನೆ. ನಡುನಡುವೆ ಅದು ನೆಂಟರ ಮನೆಗೂ ಹೆಸರಿಡುವ ದಿನಕ್ಕೆ ಹೋಗಿ ಬರುತ್ತದೆ. ಬಾಡಿಗೆಯಿಲ್ಲ, ಠೇವಣಿಯಿಲ್ಲ!

ತೊಟ್ಟಿಲು ಬೆಳ್ಳಿಯದೂ ಆಗಬಹುದು, ಆದರೆ ಅದು ಕೂಸಿಗಲ್ಲ, ಕಾಮಣ್ಣನಿಗೆ. ಹೋಳಿಯಲ್ಲಿ ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊತ್ತವರು ಬೆಳ್ಳಿ ತೊಟ್ಟಿಲು, ಬೆಳ್ಳಿ ಕುದುರೆ ಒಪ್ಪಿಸುತ್ತಾರೆ.

ಅದೇ ನವಲಗುಂದದ ಜಮಖಾನೆಗೆ ಜಿಐ ಮಾನ್ಯತೆ ಇದೆ. ನೇಯುವವರು ಹೆಣ್ಣುಮಕ್ಕಳು. ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಕಬ್ಬಿಣದ ಪಂಜದಿಂದ ನೂಲನ್ನು ಬಡಿದು ಬಡಿದು ಬಿಗಿ ಮಾಡುತ್ತಾರೆ. ನವಿಲು ಇರಲೇಬೇಕು. ಪಗಡೆಯ ಹಾಸನ್ನೇ ನಡುವೆ ನೇಯ್ದ ಜಮಖಾನೆಯೂ ಉಂಟು. ನಮಾಜಿಗೆ ಜಾನಮಾಜ್, ದನಗಳ ಬೆನ್ನಿಗೆ ಹೊದಿಸಲು ದಪ್ಪನೆಯ ಗುದ್ದಾರ್, ಹೀಗೆ ದೇವರಿಗೂ ದನಕ್ಕೂ ಒಂದೇ ಮಗ್ಗ. ಹಿಂದೆ ಈ ಕಸುಬನ್ನು ಮಗಳಿಗೆ ಕಲಿಸುತ್ತಿರಲಿಲ್ಲವಂತೆ. ಮದುವೆಯಾಗಿ ಹೋದರೆ ಗುಟ್ಟೂ ಊರು ಬಿಟ್ಟು ಹೋಗುತ್ತದಲ್ಲ! ಹಾಗಾಗಿ ಅತ್ತೆಯಿಂದ ಸೊಸೆಗೆ. ಟಿವಿ ಧಾರಾವಾಹಿ ಬರೆಯುವವರ ಕಣ್ಣಿಗೆ ಇದು ಇನ್ನೂ ಬಿದ್ದಂತಿಲ್ಲ.

ತುಟಿಯ ಬಣ್ಣಕ್ಕೂ ಕುಂದಗೋಳದ ಎರೆ ಹೊಲಕ್ಕೂ ನಂಟಿದೆ. ಇಲ್ಲಿ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಕೆಂಪು ಹೆಚ್ಚು. ಅದರಿಂದ ತೆಗೆದ ಬಣ್ಣದೆಣ್ಣೆ ಲಿಪ್‌ಸ್ಟಿಕ್, ನೇಲ್ ಪಾಲಿಶ್‌ಗೂ ಹೋಗುತ್ತದೆ.

ಗದಗಿನ ಅಂಗಡಿಯೊಂದರಲ್ಲಿ ಹಾಡುತ್ತಿದ್ದ ಗ್ರಾಮಫೋನು ತಟ್ಟೆ ಒಬ್ಬ ಹುಡುಗನನ್ನು ಮನೆ ಬಿಡಿಸಿತು. ಅದು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿ. ಹುಡುಗ ಭೀಮಸೇನ ಜೋಶಿ. ಗುರುವನ್ನು ಹುಡುಕಿ ಉತ್ತರ ಭಾರತವೆಲ್ಲ ಸುತ್ತಿದ ಅವರಿಗೆ ಕೊನೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ, ಅದೇ ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರು. ಗಂಗೂಬಾಯಿ ಹಾನಗಲ್ ಅವರೂ ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಇಲ್ಲಿಗೇ ಬರುತ್ತಿದ್ದರು. ಅದೇ ರೈಲು ಹಳಿಯಲ್ಲಿ ಮುಂದೆ ಹೋದರೆ ಗುಡಗೇರಿ. ಅದು ನಾಟಕ ಕಂಪನಿಗೆ ಹೆಸರಾದ ಊರು.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಆದರೆ ರೇಡಿಯೋ ಕೊಂಡರಷ್ಟೇ ಸಾಲುತ್ತಿರಲಿಲ್ಲ, ಕೇಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು.

ಕೈಗಡಿಯಾರ, ಸೈಕಲ್, ರೇಡಿಯೋ: ನಮ್ಮ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಹುಂಡಾ ಮಾತುಕತೆಯ ಯಾದಿ ಇದು. ಮಾವೋ ಕಾಲದ ಚೀನಾದಲ್ಲೂ ಮದುವೆಗೆ ಬೇಕಾದ ದೊಡ್ಡ ಸಾಮಾನುಗಳ ಪಟ್ಟಿ ಹೆಚ್ಚುಕಡಿಮೆ ಇದೇ: ಗಡಿಯಾರ, ಸೈಕಲ್, ಹೊಲಿಗೆ ಯಂತ್ರ, ಜೊತೆಗೊಂದು ರೇಡಿಯೋ. ಒಂದೇ ಫರಕು. ಅಲ್ಲಿ ತರಬೇಕಾದವನು ಗಂಡು. ಇಲ್ಲಿ ಬೆವರು ಹರಿಯುತ್ತಿದ್ದದ್ದು ಹೆಣ್ಣು ಹೆತ್ತವರ ಹಣೆಯಿಂದ. 1980ರ ದಶಕಕ್ಕೆ ಅಲ್ಲಿನ ಪಟ್ಟಿ ಟಿವಿ, ಫ್ರಿಜ್, ವಾಷಿಂಗ್ ಮಷಿನ್‌ಗೆ ಏರಿತು. ಇಲ್ಲಿನ ಯಾದಿಗೆ ಆಮೇಲೆ ಬೈಕೂ ಸೇರಿಕೊಂಡಿತು. ವರದಕ್ಷಿಣೆ ನಿಷೇಧದ ಕಾನೂನು 1961ರಲ್ಲೇ ಬಂದಿತ್ತು ಎನ್ನುವುದು ಬೇರೆ ಮಾತು.

ಗಿರ್ಮಿಟ್ ಗಾಡಿಯ ಮುಂದೆ ಕಿಚ್ಚ ಸುದೀಪ್ ದನಿ ಕೇಳಿದರೆ ಬೆಚ್ಚಬೇಡಿ. ಹಣ ಬಂತೆಂದು ಸಾರುವ ತನ್ನ ಸೌಂಡ್‌ಬಾಕ್ಸ್‌ಗೆ ಫೋನ್‌ಪೇ ಅವರ ದನಿ ಅಳವಡಿಸಿದೆ. ಹತ್ತು ರೂಪಾಯಿಯ ಮಿರ್ಚಿಗೂ ಹೀರೋನೇ ಬಂದು ಲೆಕ್ಕ ಒಪ್ಪಿಸುತ್ತಾನೆ.

ಚೀನೀಯರು ಹೊಸ ವರ್ಷಕ್ಕೆ ಕೆಂಪು ಲಕೋಟೆಯಲ್ಲಿ ದುಡ್ಡಿಟ್ಟು ಕೊಡುತ್ತಾರೆ. 2014ರಲ್ಲಿ ವೀಚಾಟ್ ಆ್ಯಪ್ ಆ ಲಕೋಟೆಯನ್ನೂ ಮೊಬೈಲಿಗೆ ತಂದಿತು. ನಮ್ಮ ಮದುವೆಗಳ ಆಹೇರಿಗೂ ಈಗ ಫೋನಿನ ದಾರಿ ಸಿಕ್ಕಿದೆ. ಆದರೆ ಹೆಸರು, ಊರು, ಮೊತ್ತ ಬರೆದಿಡುವ ಆ ಉದ್ದನೆಯ ವಹಿ ಮಾತ್ರ ಜಾಗ ಬಿಟ್ಟಿಲ್ಲ. ನಾಳೆ ಅವರ ಮನೆಯ ಮದುವೆಗೆ ಎಷ್ಟು ಹಾಕಬೇಕೆಂದು ಯಾವ ಆ್ಯಪೂ ಹೇಳುವುದಿಲ್ಲವಲ್ಲ!