ಕಾದವರ ಕೊಬ್ಬರಿ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆ ಸುತ್ತಿನ ಊರುಗಳಲ್ಲಿ ತೋಟವಿದ್ದವರ ಮನೆಗೆ ಅಟ್ಟವೂ ಬೇಕು. ಬಲಿತ ಕಾಯಿಯನ್ನು ಸುಲಿಯದೆ, ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ ಇಳಿಸುವುದು ಒಂಬತ್ತು–ಹತ್ತು ತಿಂಗಳು ಕಳೆದ ಮೇಲೆಯೇ. ಅಷ್ಟರಲ್ಲಿ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟಿರುತ್ತದೆ. ಅಲ್ಲಾಡಿಸಿದರೆ ಸದ್ದೇ ಹೇಳುತ್ತದೆ. ಆಮೇಲೆ ಸುಲಿದು, ಗುಂಡು ಸೀಳದಂತೆ ಚಿಪ್ಪನ್ನಷ್ಟೇ ಒಡೆದು ತೆಗೆಯಬೇಕು. ಅದು ಕೈ ಪಳಗಿದವರ ಕೆಲಸ. ಹೀಗೆ ಸಿಗುವುದೇ ಉಂಡೆ ಕೊಬ್ಬರಿ.

ಕೇರಳದಲ್ಲಿ ಕಾಯಿಯನ್ನು ಹೋಳು ಮಾಡಿ ಒಣಗಿಸಿ ಎಣ್ಣೆ ಗಿರಣಿಗೆ ಕಳಿಸುವುದು ರೂಢಿ. ಇಲ್ಲಿನ ಉಂಡೆ ತಿನ್ನುವ ಮಾಲು. ಉತ್ತರ ಭಾರತದ ಮದುವೆ, ಪೂಜೆ, ಮಿಠಾಯಿಗಳಿಗೆ ಹೋಗುತ್ತದೆ. ಕೌಟಾದದ್ದು, ಒಡೆದದ್ದು ಮಾತ್ರ ಎಣ್ಣೆಗೆ.

ಇದರ ಬೆಲೆ ಕಟ್ಟುವ ಜಾಗ ತಿಪಟೂರಿನ ಎಪಿಎಂಸಿ. ವಾರಕ್ಕೆರಡು ದಿನ ಹರಾಜು. 2014ರಲ್ಲಿ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಆರಂಭವಾಗಿ, ಟೆಂಡರ್ ಕಂಪ್ಯೂಟರಿಗೆ ಏರಿತು. ಒಬ್ಬ ವರ್ತಕ ನಮೂದಿಸಿದ ದರ ಇನ್ನೊಬ್ಬನಿಗೆ ಕಾಣುವುದಿಲ್ಲ. ಹೆಚ್ಚು ಬರೆದವನಿಗೆ ಲಾಟು. ದರ ಒಪ್ಪದಿದ್ದರೆ ಕೊಡುವುದಿಲ್ಲ ಎನ್ನುವ ಹಕ್ಕು ರೈತನಿಗಿದೆ.

ಆ ಹಕ್ಕನ್ನು ಚಲಾಯಿಸಲು ಮನೆಯಲ್ಲಿ ಖರ್ಚಿಗೆ ದುಡ್ಡಿರಬೇಕು. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗಲೇ ಮಾರುಕಟ್ಟೆ ದರ ಎಂಟು ಸಾವಿರದ ಆಸುಪಾಸಿಗೆ ಕುಸಿಯಿತು. ಬೆಂಬಲ ಬೆಲೆಗೆ ಕೊಳ್ಳುವ ಸಹಕಾರಿ ಸಂಸ್ಥೆ ನಾಫೆಡ್‌ನ ಖರೀದಿಗೆ ರೈತರು ಮುಗಿಬಿದ್ದರು. 2024ರಲ್ಲಿ 12,000 ರೂಪಾಯಿ ಬೆಂಬಲ ಬೆಲೆಗೆ ರಾಜ್ಯ ಸರ್ಕಾರ 1,500 ಸೇರಿಸಿತು. ಮರುವರ್ಷ ದರ 25,000 ದಾಟಿತು. ಆದರೆ ಅಷ್ಟು ಹೊತ್ತಿಗೆ ಎಷ್ಟೋ ಅಟ್ಟಗಳು ಖಾಲಿಯಾಗಿದ್ದವು. ಇಳುವರಿ ಇಳಿದಿತ್ತು, ಇದ್ದ ಕಾಯಿಯಲ್ಲೂ ಬಹುಪಾಲು ಎಳನೀರಾಗಿ, ಹಸಿ ಕಾಯಾಗಿ, ಕಾಯಿಪುಡಿ ಕಾರ್ಖಾನೆಯ ಸರಕಾಗಿ ಮೊದಲೇ ಮಾರಾಟವಾಗಿತ್ತು.

ಕೊಬ್ಬರಿಯಲ್ಲಿ ನ್ಯಾಯದ ಬೆಲೆಯ ಗುಟ್ಟು ಇಲ್ಲಿದೆ. ಕಾಯಿ ಕೆಡವಿದ ದಿನಕ್ಕೂ ದುಡ್ಡು ಕೈಸೇರುವ ದಿನಕ್ಕೂ ನಡುವೆ ಹತ್ತಿರ ಹತ್ತಿರ ಒಂದು ವರ್ಷ. ಹತ್ತೆಕರೆಯವರು ಕಾಯಬಲ್ಲರು. ಮೂವತ್ತು ಮರದವರು ಶಾಲೆಯ ಫೀಜಿಗೋ ಕೊಳವೆಬಾವಿಯ ಸಾಲಕ್ಕೋ ತೋಟದಲ್ಲೇ ಕಾಯಿ ಲೆಕ್ಕ ಹಾಕಿ ಕೊಟ್ಟುಬಿಡುತ್ತಾರೆ.

ಕಾಯಲಾಗದ ಇಂಥವರಿಗೆ ಒಟ್ಟಾಗುವುದೇ ದಾರಿ. ಬ್ರೆಜಿಲ್‌ನ ಲಾಗೊ ದೊ ಜುಂಕೊ ಎಂಬಲ್ಲಿ ಬಾಬಾಸು ಎಂಬ ಕಾಡುತಾಳೆಯ ಕಾಯಿ ಒಡೆಯುವ ಕುಟುಂಬಗಳು ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡು, ತಾವೇ ಎಣ್ಣೆ ತೆಗೆದು ಹೊರದೇಶಕ್ಕೆ ಮಾರುತ್ತಿವೆ. ಕಾಯಿ ಆಯ್ದವರಿಗೇ ಎಣ್ಣೆಯ ಲಾಭವೂ ಸಿಗುತ್ತದೆ. ನಮ್ಮಲ್ಲೂ ಹಳ್ಳಿಗಳಲ್ಲಿ ಸಹಕಾರ ಸಂಘಗಳಿವೆ, ಅಟ್ಟಗಳಿವೆ. ಅಟ್ಟದಲ್ಲಿರುವ ಕಾಯಿಯನ್ನೇ ನಂಬಿ ಸಂಘವೊಂದು ಸಣ್ಣ ಹಿಡುವಳಿದಾರರಿಗೆ ಮುಂಗಡ ಕೊಟ್ಟರೆ, ಒಳ್ಳೆಯ ದರ ಬರುವ ದಿನ ಅವರ ಲಾಟೂ ತಿಪಟೂರಿನ ಹರಾಜಿಗೆ ಬಂದೀತು. ಬೆಂಬಲ ಬೆಲೆ ಬಿದ್ದವರನ್ನು ಎತ್ತುತ್ತದೆ. ಬೀಳದಂತೆ ಕಾಯುವುದು ಈ ಮುಂಗಡ.