ಭಾರವೇ ಬಿಗಿಯುವ ಗಂಟು

11 ಮಿಲಿಮೀಟರ್ ದಪ್ಪದ ಹಗ್ಗವೊಂದು ಬಂಡೆಯ ನೆತ್ತಿಯಿಂದ ನೇರ ಕೆಳಗೆ ಇಳಿಬಿದ್ದಿದೆ. ಅದರ ಮೇಲೆ 6 ಮಿಲಿಮೀಟರ್‌ನ ಸಣ್ಣ ಹುರಿಯ ಕುಣಿಕೆಯೊಂದನ್ನು ಇಟ್ಟು, ಕುಣಿಕೆಯ ಒಂದು ತುದಿಯನ್ನು ಇನ್ನೊಂದರ ಒಳಗಿನಿಂದ ಮೂರು ಸಲ ತೂರಿಸಿ ಸುತ್ತಲಾಗಿದೆ. ಎರಡು ಬೆರಳಲ್ಲಿ ಹಿಡಿದು ನೂಕಿದರೆ ಸುತ್ತುಗಳು ಮೇಲಕ್ಕೂ ಕೆಳಕ್ಕೂ ಸಲೀಸಾಗಿ ಸರಿಯುತ್ತವೆ. ಅದೇ ಕುಣಿಕೆಗೆ 70 ಕಿಲೋ ತೂಕದ ಮನುಷ್ಯ ಜೋತುಬಿದ್ದರೆ ಹಗ್ಗವನ್ನು ಕಚ್ಚಿಕೊಂಡು ನಿಂತುಬಿಡುತ್ತವೆ. ಅಲ್ಲಿ ಹಲ್ಲಿಲ್ಲ, ಸ್ಪ್ರಿಂಗ್ ಇಲ್ಲ, ಅಂಟಿಲ್ಲ. ಭಾರ ತೆಗೆದರೆ ಮತ್ತೆ ಸಡಿಲ. ಇದರ ಹೆಸರು ಪ್ರೂಸಿಕ್ ಗಂಟು. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಇದನ್ನು ಆರೋಹಿಗಳಿಗೆ ಪರಿಚಯಿಸಿದರು. ಮೊದಲನೇ ಮಹಾಯುದ್ಧದ ದಿನಗಳಲ್ಲಿ ವಾದ್ಯಗಳ ಹರಿದ ತಂತಿಗಳನ್ನು ಸರಿಪಡಿಸಲು ಅವರು ಇಂಥದೇ ಗಂಟು ಬಳಸಿದ್ದರೆಂಬ ಮಾತು ಆರೋಹಿಗಳ ನಡುವೆ ಇಂದಿಗೂ ಇದೆ. ಹಿಮದ ಬಿರುಕಿನೊಳಗೆ ಬಿದ್ದವರು ಇಂಥ ಎರಡು ಕುಣಿಕೆಗಳನ್ನು ಒಂದಾದ ಮೇಲೊಂದರಂತೆ ಸರಿಸುತ್ತ, ತಾವು ಜೋತುಬಿದ್ದ ಹಗ್ಗವನ್ನೇ ಹತ್ತಿ ಬದುಕಿ ಬರಬಹುದು. ರಾಮನಗರದ, ಬಾದಾಮಿಯ ಬಂಡೆಗಳಲ್ಲಿ ಹಗ್ಗದ ಮೇಲೆ ಇಳಿಯುವವರಿಗೂ ಕೈ ತಪ್ಪಿದಾಗ ಹಿಡಿದು ನಿಲ್ಲಿಸುವ ಆಸರೆ ಇದೇ ಕುಲದ ಗಂಟು.

ಇಷ್ಟು ತೆಳ್ಳಗಿನ ಹುರಿಗೆ ಈ ಬಲ ಎಲ್ಲಿಂದ ಬಂತು? ಗಂಟಿನ ಬಲವನ್ನು ನಾವು ಸಾಮಾನ್ಯವಾಗಿ ಹುರಿಯ ಗಟ್ಟಿತನದಲ್ಲಿ ಅಥವಾ ಕಟ್ಟಿದವರ ರಟ್ಟೆಯಲ್ಲಿ ಹುಡುಕುತ್ತೇವೆ. ಅದು ಇರುವುದು ಜೋಡಣೆಯಲ್ಲಿ. ತನ್ನನ್ನು ಜಾರಿಸಲು ಬಂದ ಭಾರವನ್ನೇ ಹಿಡಿತವಾಗಿ ಮಾರ್ಪಡಿಸಿಕೊಳ್ಳುವಂತೆ ಹುರಿಯನ್ನು ಸುತ್ತುವುದೇ ಗಂಟಿನ ವಿದ್ಯೆ. ಇದಕ್ಕೆ ಮೊದಲ ಸಾಕ್ಷಿ ಬಂದರಿನ ಗೂಟದಲ್ಲಿದೆ. ದೋಣಿಯ ಹಗ್ಗವನ್ನು ಗೂಟಕ್ಕೆ ಎರಡು ಮೂರು ಸುತ್ತು ಹಾಕಿ ತುದಿಯನ್ನು ಹಗುರವಾಗಿ ಹಿಡಿದ ಒಬ್ಬನೇ ಆಳು ದೊಡ್ಡ ದೋಣಿಯನ್ನು ತಡೆಯಬಲ್ಲ. ಇದರ ಹಿಂದಿನ ಗಣಿತವನ್ನು 18ನೇ ಶತಮಾನದಲ್ಲಿ ಲಿಯೋನಾರ್ಡ್ ಆಯ್ಲರ್ ಬಿಡಿಸಿಟ್ಟರು. ಪ್ರತಿ ಸುತ್ತೂ ಹಿಡಿತಕ್ಕೆ ಒಂದಿಷ್ಟನ್ನು ಕೂಡಿಸುವುದಿಲ್ಲ, ಅದನ್ನು ಗುಣಿಸುತ್ತದೆ. ಘರ್ಷಣ ಗುಣಾಂಕ 0.25 ಎಂದಿಟ್ಟುಕೊಂಡರೆ, ತುದಿಯಲ್ಲಿ ಒಂದು ಕಿಲೋ ಎಳೆತವಿದ್ದಾಗ ಒಂದು ಸುತ್ತು ಸುಮಾರು 5 ಕಿಲೋವನ್ನು ತಡೆಯುತ್ತದೆ, ಎರಡು ಸುತ್ತು 23 ಕಿಲೋವನ್ನು, ಮೂರು ಸುತ್ತು 111 ಕಿಲೋವನ್ನು. ಗೂಟ ದಪ್ಪವೋ ಸಪೂರವೋ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಲೆಕ್ಕಕ್ಕೆ ಬರುವುದು ಎಷ್ಟು ಸುತ್ತು ಮತ್ತು ಮೈ ಎಷ್ಟು ಒರಟು ಎಂಬ ಎರಡೇ ಸಂಗತಿ.

ಆದರೆ ಗೂಟದ ಹಗ್ಗಕ್ಕೆ ತುದಿ ಹಿಡಿಯಲು ಒಬ್ಬ ಆಳು ಬೇಕು. ಬಂಡೆಯ ಮೇಲಿನ ಕುಣಿಕೆಯ ತುದಿಯನ್ನು ಯಾರೂ ಹಿಡಿದಿಲ್ಲ. ಪ್ರೂಸಿಕ್ಕಿನ ಚಮತ್ಕಾರ ಇರುವುದು ಇಲ್ಲಿ. ಸುತ್ತುಗಳ ನಡುವಿನಿಂದ ಹೊರಬರುವ ಎರಡು ಎಳೆಗಳ ಮೇಲೆ ಒಂದು ಅಡ್ಡ ಎಳೆ ಹಾಯ್ದಿರುತ್ತದೆ. ಭಾರ ಬಿದ್ದಾಗ ಎಳೆಗಳು ಕೆಳಕ್ಕೆ ಜಗ್ಗಿ ಸುತ್ತುಗಳನ್ನು ವಾರೆ ಮಾಡುತ್ತವೆ, ಸುತ್ತುಗಳು ಬಿಗಿದು ಒಳಗಿನ ಹಗ್ಗವನ್ನು ಹಿಂಡುತ್ತವೆ, ಹಗ್ಗ ಆ ಜಾಗದಲ್ಲಿ ತುಸು ಬಾಗುತ್ತದೆ. ಹಿಂಡಿದಷ್ಟೂ ಘರ್ಷಣೆ ಹೆಚ್ಚು, ಘರ್ಷಣೆ ಹೆಚ್ಚಿದಷ್ಟೂ ಜಾರುವುದು ಕಷ್ಟ. ತುದಿ ಹಿಡಿಯುವ ಆಳಿನ ಕೆಲಸವನ್ನು ಭಾರವೇ ವಹಿಸಿಕೊಂಡಿದೆ. ಮಲೆನಾಡಿನ ಅಡಿಕೆ ತೋಟದಲ್ಲಿ ಕೊನೆ ಇಳಿಸಲು ಮರ ಹತ್ತುವ ಕೊನೆಗೌಡ ಎರಡೂ ಪಾದಗಳಿಗೆ ಸೇರಿಸಿ ಹಾಕಿಕೊಳ್ಳುವ ಬಳೆ, ಅಂದರೆ ತಳೆಯೂ ಇದೇ ಧರ್ಮದ್ದು. ಪಾದಗಳು ಅಗಲವಾಗದಂತೆ ತಳೆ ತಡೆಯುತ್ತದೆ, ಮೈಭಾರ ಬಿದ್ದಾಗ ಪಾದಗಳು ಕಾಂಡವನ್ನು ಇನ್ನಷ್ಟು ಒತ್ತುತ್ತವೆ. ಕೈಯಲ್ಲಿ ಮರವನ್ನು ತಬ್ಬಿ ಕಾಲಿನ ಭಾರ ಕಳೆದ ಕೂಡಲೇ ತಳೆ ಸಡಿಲಾಗಿ ಮೇಲೆ ಸರಿಯುತ್ತದೆ. ಒಂದರಲ್ಲಿ ಒತ್ತುವುದು ಪಾದ, ಇನ್ನೊಂದರಲ್ಲಿ ಹುರಿಯ ಸುತ್ತು. ಭಾರ ಹಾಕು, ಭಾರ ಕಳೆ, ಸರಿಸು ಎಂಬ ಲಯ ಎರಡರಲ್ಲೂ ಒಂದೇ.

ಈ ವಾದದಿಂದ ಹೊರಡುವ ಒಂದು ತೀರ್ಮಾನ ಮೊದಲಿಗೆ ನಂಬಲು ಕಷ್ಟ. ಕಂಬಕ್ಕೆ ಹಾಕುವ ಗಂಟುಗಳ ಸಿದ್ಧಾಂತವನ್ನು 1977ರಲ್ಲಿ ಭೌತವಿಜ್ಞಾನಿ ಬೇಮನ್ ಪ್ರಕಟಿಸಿದರು. ಅದರ ಪ್ರಕಾರ ಪ್ರತಿ ಗಂಟಿಗೂ ಘರ್ಷಣೆಯ ಒಂದು ಹೊಸ್ತಿಲಿದೆ. ಆ ಹೊಸ್ತಿಲು ದಾಟಿದ ಗಂಟು ಎಷ್ಟೇ ಎಳೆದರೂ ಹಿಡಿಯುತ್ತದೆ, ದಾಟದ್ದು ಸ್ವಲ್ಪ ಎಳೆದರೂ ಜಾರುತ್ತದೆ. ಕಾರಣ ಸರಳ: ಜಗ್ಗುವ ಬಲ ಇಮ್ಮಡಿಯಾದರೆ ಒತ್ತಡವೂ ಇಮ್ಮಡಿ, ಹಿಡಿತವೂ ಇಮ್ಮಡಿ. ಪ್ರೂಸಿಕ್ಕಿಗೂ ಈ ತರ್ಕ ಬಹುಮಟ್ಟಿಗೆ ಸಲ್ಲುತ್ತದೆ. ಇಡೀ ಮೈಭಾರ ಬಿಡುವ ಮೊದಲು ಕೈಯಲ್ಲಿ ಜಗ್ಗಿ ನೋಡುವ ಆರೋಹಿಗಳ ರೂಢಿ ಬರೀ ಸಮಾಧಾನಕ್ಕಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಆ ಸಣ್ಣ ಪರೀಕ್ಷೆಯಲ್ಲಿ ದೊಡ್ಡ ಭಾರದ ಸೂಚನೆ ಇರುತ್ತದೆ.

ಹಾಗಾದರೆ ಹತ್ತು ಸುತ್ತು ಹಾಕಿಬಿಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ಹಾಕಿದರೆ ಅದು ಹಿಡಿಯುವುದೇನೋ ನಿಜ, ಆದರೆ ಬಿಡುವುದಿಲ್ಲ. ಬಿಚ್ಚಲಾಗದ್ದನ್ನು ಕನ್ನಡ ಕಗ್ಗಂಟು ಎನ್ನುತ್ತದೆ, ಬಗೆಹರಿಯದ ಸಮಸ್ಯೆಗೂ ಅದೇ ಹೆಸರು. ಹಿಡಿಯಬೇಕಾದಾಗ ಹಿಡಿದು, ಬಿಡಬೇಕಾದಾಗ ಬಿಡುವುದೇ ಒಳ್ಳೆಯ ಗಂಟು. ಎರಡು ಅಥವಾ ಮೂರು ಸುತ್ತು ಎಂಬ ರೂಢಿ ನಿಂತಿರುವುದು ಆ ನಡುದಾರಿಯ ಮೇಲೆ. ಹುರಿ ಮುಖ್ಯ ಹಗ್ಗಕ್ಕಿಂತ ತೆಳ್ಳಗಿರಬೇಕೆಂಬ ನಿಯಮಕ್ಕೂ ಇದೇ ಕಾರಣ. ಎರಡೂ ಒಂದೇ ದಪ್ಪವಾದರೆ ಸುತ್ತುಗಳು ಹಗ್ಗದ ಮೈಗೆ ಸರಿಯಾಗಿ ಕೂರುವುದಿಲ್ಲ, ಹುರಿ ತೀರಾ ಸಪೂರವಾದರೆ ಕಚ್ಚಿಕೊಂಡದ್ದು ಬಿಡಿಸಲು ಬರುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಹಗ್ಗ ಒದ್ದೆಯಾಗುತ್ತದೆ, ಮಣ್ಣು ಮೆತ್ತುತ್ತದೆ, ಮಂಜು ಹಿಡಿಯುತ್ತದೆ. ಘರ್ಷಣೆ ಹೀಗೆ ಗಳಿಗೆಗೊಂದು ಬಣ್ಣ ತೋರುವಾಗ ಅದರ ಮೇಲೆ ಜೀವ ಇಡುವುದು ಸರಿಯೇ? ಹಲ್ಲಿರುವ ಲೋಹದ ಹಿಡಿಕೆಗಳು ಅಂಗಡಿಯಲ್ಲೇ ಸಿಗುತ್ತವಲ್ಲ? ಸಿಗುತ್ತವೆ, ಉದ್ದನೆಯ ಹಗ್ಗ ಹತ್ತಲು ಅವೇ ಅನುಕೂಲ. ಆದರೆ ಭಾರ ಮಿತಿಮೀರಿದಾಗ ಆ ಹಲ್ಲುಗಳು ಹಗ್ಗದ ಹೊದಿಕೆಯನ್ನೇ ಹರಿಯಬಲ್ಲವು. ಹುರಿಯ ಗಂಟು ಅಂಥ ಹೊತ್ತಲ್ಲಿ ಸಾಮಾನ್ಯವಾಗಿ ತುಸು ಜಾರಿ ಆಘಾತವನ್ನು ನುಂಗುತ್ತದೆ. ಜಾರುವುದಕ್ಕೂ ಒಂದು ಬೆಲೆ ಇದೆ. ಉಜ್ಜಿದಲ್ಲಿ ಬಿಸಿ ಹುಟ್ಟುತ್ತದೆ, ನೈಲಾನ್ ಕರಗುತ್ತದೆ. ಡೈನೀಮಾದಂಥ ನುಣುಪಿನ ನೂಲು ಅದಕ್ಕಿಂತ ಬಹಳ ಕಡಿಮೆ ಬಿಸಿಗೇ, ಸುಮಾರು 145 ಡಿಗ್ರಿಗೇ ಕರಗುತ್ತದೆ. ಎಳೆದರೆ ಉಕ್ಕನ್ನು ಮೀರಿಸುವ ಆ ನೂಲು ಗಂಟಿಗೆ ಬಂದಾಗ ಹೆಚ್ಚು ಜಾರುತ್ತದೆ. ಹುರಿಯ ಬಲ ಬೇರೆ, ಗಂಟಿನ ಬಲ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ. ಘರ್ಷಣೆ ಬದಲಾಗುತ್ತದೆಂಬುದು ಗಂಟಿನ ವಿದ್ಯೆಯನ್ನು ಕೈಬಿಡಲು ಕಾರಣವಾಗದು, ಅದನ್ನು ಇನ್ನಷ್ಟು ಶ್ರದ್ಧೆಯಿಂದ ಕಲಿಯಲು ಕಾರಣವಾಗಬೇಕು.

ಜೋಡಣೆಯೇ ಬಲ ಎಂಬುದನ್ನು ಮನೆಯಲ್ಲೇ ನೋಡಬಹುದು. ಎರಡು ತುದಿಗಳನ್ನು ಕಟ್ಟುವಾಗ ಮೊದಲು ಬಲದ ತುದಿಯನ್ನು ಎಡದ ಮೇಲೆ ಹಾಯಿಸಿ, ಆಮೇಲೆ ಎಡದಿಂದ ಬಂದದ್ದನ್ನು ಬಲದ್ದರ ಮೇಲೆ ಹಾಯಿಸಿದರೆ ಗಂಟು ಚಪ್ಪಟೆಯಾಗಿ ಕೂರುತ್ತದೆ. ಎರಡೂ ಸಲ ಒಂದೇ ಕಡೆಗೆ ಹಾಯಿಸಿದರೆ ತಿರುಚಿಕೊಂಡು ಜಾರುತ್ತದೆ. ಶೂ ಲೇಸಿನ ಗಂಟು ಪಾದಕ್ಕೆ ಅಡ್ಡವಾಗಿ ಮಲಗುವ ಬದಲು ಉದ್ದಕ್ಕೆ ತಿರುಗಿ ನಿಂತಿದ್ದರೆ ಅದು ಈ ಎರಡನೆಯ ಬಗೆಯದು. ಎಂಐಟಿಯ ಸಂಶೋಧಕರು 2020ರಲ್ಲಿ, ಎಳೆದಾಗ ಬಣ್ಣ ಬದಲಿಸುವ ನಾರುಗಳಿಂದ ಗಂಟು ಕಟ್ಟಿ ಒತ್ತಡ ಎಲ್ಲೆಲ್ಲಿ ಬೀಳುತ್ತದೆಂದು ಕಣ್ಣಾರೆ ಕಂಡರು. ಎಳೆಗಳು ಎಷ್ಟು ಕಡೆ ಒಂದನ್ನೊಂದು ದಾಟುತ್ತವೆ, ತಿರುಚು ಒಂದೇ ದಿಕ್ಕಿಗಿದೆಯೋ ಎದುರುಬದುರಾಗಿದೆಯೋ, ಎಳೆಗಳು ಎದುರುಬದುರಾಗಿ ಜಾರುತ್ತವೆಯೋ ಎಂಬುದರಿಂದ ಗಂಟಿನ ಭದ್ರತೆಯನ್ನು ಅಂದಾಜಿಸಬಹುದೆಂದು ತೋರಿಸಿದರು. ಮೊದಲು ಹೇಳಿದ ಎರಡೂ ಗಂಟುಗಳಲ್ಲಿ ಅದೇ ಹುರಿ, ಅದೇ ಕೈ, ಅದೇ ಭಾರ. ಬದಲಾದದ್ದು ಒಂದು ದಾಟು ಮಾತ್ರ.

ಇಷ್ಟಕ್ಕೂ ಹಗ್ಗವೇ ಒಂದು ಗಂಟು. ಎರಡು ಮೂರು ಮೊಳದ ನಾರುಗಳು ಸೇರಿ ನೂರು ಮೊಳದ ಹಗ್ಗವಾಗಿ ಭಾರ ಹೊರುವುದು ಹೇಗೆಂದು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲೇ ಚರ್ಚಿಸಿದ್ದ. ಹೊಸೆದಾಗ ನಾರುಗಳು ಒಂದನ್ನೊಂದು ಸುತ್ತುತ್ತವೆ, ಎಳೆದಾಗ ಒಂದನ್ನೊಂದು ಹಿಂಡುತ್ತವೆ, ಹಿಂಡಿದ್ದರಿಂದ ಜಾರದೆ ನಿಲ್ಲುತ್ತವೆ. ತೊಡೆಯ ಮೇಲೆ ತೆಂಗಿನ ನಾರು ಹೊಸೆಯುವ ಅಂಗೈಯೂ ಬಂಡೆಯ ಮೇಲೆ ಕುಣಿಕೆ ಸುತ್ತುವ ಬೆರಳೂ ಮಾಡುತ್ತಿರುವುದು ಒಂದೇ ಕೆಲಸ. ಆದ್ದರಿಂದ ಗಂಟು ಕಲಿಯುವವರು ಹೆಸರುಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುವುದು ಲೇಸು: ಇಲ್ಲಿ ಭಾರ ಬಿದ್ದರೆ ಯಾವ ಎಳೆ ಯಾವುದನ್ನು ಒತ್ತುತ್ತದೆ? ಸುತ್ತುಗಳು ಒಂದರ ಮೇಲೊಂದು ಏರದೆ ಪಕ್ಕಪಕ್ಕ ಕೂತಿವೆಯೇ ಎಂದು ಕಣ್ಣಲ್ಲಿ ನೋಡಿ, ಕೈಯಲ್ಲಿ ಜಗ್ಗಿ, ಆಮೇಲೆ ಭಾರ ಬಿಡಬೇಕು. ಅಷ್ಟಾದ ಮೇಲೆ ಗಂಟನ್ನು ಬಿಗಿಯುವ ಕೆಲಸ ನಮ್ಮದಲ್ಲ, ಭಾರದ್ದು.